ಜಾಲಿ, ಬಾರಿ, ಹುಣಸೆ: ಕಡೆತದ ಉಳಿಗೆ ತಕ್ಕ ಹಿಡಿಕೆ

ಮರಗೆಲಸದಲ್ಲಿ ಉಳಿ ಎಂಬ ಒಂದೇ ಹೆಸರು ಹೊತ್ತ ಉಪಕರಣಗಳೆಲ್ಲ ಒಂದೇ ಬಗೆಯ ಬಲವನ್ನು ತಾಳಿಕೊಳ್ಳಬೇಕಾಗಿಲ್ಲ. ಬಾಗಿಲ ಚೌಕಟ್ಟಿಗೆ ತೂತು ಹಾಕುವ ಬಡಿಗನ ಉಳಿಯ ನೆತ್ತಿಯ ಮೇಲೆ ಕೊಡತಿಯ ಏಟು ಬೀಳುವುದರಿಂದ ಅದರ ಹಿಡಿಕೆಯು ಮುಖ್ಯವಾಗಿ ಒತ್ತಡವನ್ನು ಸಹಿಸಬೇಕಾಗುತ್ತದೆ. ಆದರೆ ಲೇತಿನ ಮೇಲೆ ತಿರುಗುತ್ತಿರುವ ಮರವನ್ನು ಕಡೆಯುವ ಉಳಿಗೆ ಯಾವ ಏಟೂ ಬೀಳುವುದಿಲ್ಲ, ಅದನ್ನು ಬಾಗಿಸಲು ಯತ್ನಿಸುವ ಬಲವೊಂದು ನಿಮಿಷಕ್ಕೆ ನೂರಾರು ಸಲ ಅದರ ಬಾಯಿಯ ಮೇಲೆ ಎರಗುತ್ತಿರುತ್ತದೆ. ಈ ಉಳಿಯನ್ನು ಮರದ ಮುಂದೆ ಅಡ್ಡಲಾಗಿ ನಿಲ್ಲಿಸಿದ ಕಬ್ಬಿಣದ ಆನಿಕೆಪಟ್ಟಿಯ ಮೇಲೆ ಒರಗಿಸಿ ಹಿಡಿಯಲಾಗುತ್ತದೆ. ಆನಿಕೆಪಟ್ಟಿಯಿಂದ ಮುಂದಕ್ಕೆ ಚಾಚಿದ ಉಕ್ಕಿನ ಭಾಗ ಸನ್ನೆಕೋಲಿನ ಗಿಡ್ಡ ತೋಳಾದರೆ, ಹಿಂದಕ್ಕೆ ಕೈಯವರೆಗೆ ಬರುವ ಭಾಗ ಅದರ ಉದ್ದ ತೋಳಾಗುತ್ತದೆ, ಮತ್ತು ಈ ಎರಡರ ಅನುಪಾತವೇ ಕೆಲಸಗಾರನ ಕೈಗೆ ತಲುಪುವ ಬಲವನ್ನು ನಿರ್ಧರಿಸುತ್ತದೆ.

ಉಳಿಯ ಬಾಯಿ ಆನಿಕೆಯಿಂದ 5 ಸೆಂ.ಮೀ. ಮುಂದಿದ್ದು, ಕೈ 40 ಸೆಂ.ಮೀ. ಹಿಂದಿದ್ದರೆ, ಬಾಯಿಯ ಮೇಲೆ ಬೀಳುವ 20 ಕೆ.ಜಿ. ತೂಕದಷ್ಟು ಬಲವನ್ನು ಕೈಯು ಎರಡೂವರೆ ಕೆ.ಜಿ. ಬಲದಿಂದ ತಡೆದು ನಿಲ್ಲಿಸಬಹುದು. ಆಳವಾದ ಬಟ್ಟಲಿನ ಒಳಭಾಗವನ್ನು ತೋಡುವಾಗ ಬಾಯಿ 10 ಸೆಂ.ಮೀ. ಮುಂದೆ ಹೋಗುತ್ತದೆ, ಆಗ ಅದೇ ಬಲವನ್ನು ತಡೆಯಲು ಕೈಗೆ 5 ಕೆ.ಜಿ. ಶಕ್ತಿ ಬೇಕಾಗುತ್ತದೆ. ಇವೆಲ್ಲ ಕೆಲಸ ಸುಸೂತ್ರವಾಗಿ ಸಾಗುತ್ತಿರುವಾಗಿನ ಲೆಕ್ಕಗಳು. ಉಳಿಯ ಅಲಗು ತಪ್ಪು ಕೋನದಲ್ಲಿ ಮರಕ್ಕೆ ಕಚ್ಚಿಕೊಂಡರೆ ತಿರುಗುವ ದಿಮ್ಮಿಯ ಇಡೀ ವೇಗ ಕ್ಷಣಾರ್ಧದಲ್ಲಿ ಉಳಿಯ ಮೇಲೆ ಇಳಿಯುತ್ತದೆ. ಹಿಡಿಕೆ ಸೀಳುವುದೋ ಮುರಿಯುವುದೋ ಹೆಚ್ಚಾಗಿ ಇಂಥ ಹೊತ್ತಿನಲ್ಲಿಯೇ. ಆದ್ದರಿಂದ ಅಂಗಡಿಯಿಂದ ಹಿಡಿಕೆಯಿಲ್ಲದ ಉಳಿಯನ್ನು ತಂದೋ, ಹಳೆಯ ಅರವನ್ನು ಕಮ್ಮಾರನ ಕುಲುಮೆಯಲ್ಲಿ ಹದಗೊಳಿಸಿಯೋ ಮನೆಯಲ್ಲಿಯೇ ಹಿಡಿಕೆ ಹಾಕಿಕೊಳ್ಳುವವರಿಗೆ, ಯಾವ ಮರ ಚೆಂದ ಎನ್ನುವುದಕ್ಕಿಂತ ಯಾವ ಮರ ಈ ಕ್ಷಣವನ್ನು ದಾಟಿ ಉಳಿಯುತ್ತದೆ ಎಂಬ ಪ್ರಶ್ನೆಯೇ ಮೊದಲನೆಯದು.

ಹಿಡಿಕೆಯೊಳಕ್ಕೆ ಸೇರುವ ಉಳಿಯ ಚೂಪಾದ ಹಿಂಭಾಗವನ್ನು ಇಲ್ಲಿ ಬಾಲ ಎಂದು ಕರೆಯಬಹುದು. ಉಳಿಯ ಬಾಯಿ ಕೆಳಕ್ಕೆ ಒತ್ತಲ್ಪಟ್ಟಾಗ ಹಿಡಿಕೆಯ ತೂತಿನೊಳಗಿನ ಈ ಬಾಲವೂ ಒಂದು ಸಣ್ಣ ಸನ್ನೆಕೋಲಾಗಿ ವರ್ತಿಸಿ, ತೂತಿನ ಬಾಯಿಯ ಒಂದು ಗೋಡೆಯನ್ನೂ ತಳದ ಎದುರು ಗೋಡೆಯನ್ನೂ ಏಕಕಾಲಕ್ಕೆ ಮೀಟುತ್ತದೆ. ಬಾಲ 5 ಸೆಂ.ಮೀ. ಉದ್ದವಿದ್ದಾಗ ಈ ಗೋಡೆಗಳ ಮೇಲೆ ಬೀಳುವ ಬಲವು ಬಾಲ 10 ಸೆಂ.ಮೀ. ಇದ್ದರೆ ಸುಮಾರು ಅರ್ಧಕ್ಕಿಳಿಯುತ್ತದೆ. ಮರದ ದೌರ್ಬಲ್ಯವೂ ಇಲ್ಲಿಯೇ ಇದೆ: ಅದರ ಎಳೆಗಳು ಉದ್ದಕ್ಕೆ ಎಳೆದಾಗ ಅಪಾರ ಬಲವನ್ನು ತಾಳಿಕೊಂಡರೂ ಅಡ್ಡಲಾಗಿ ಅಗಲಿಸಿದಾಗ ಅದರ ಒಂದು ಸಣ್ಣ ಪಾಲಿಗೇ ಬೇರ್ಪಡುತ್ತವೆ. ಹಿಡಿಕೆಯ ಮೂತಿಗೆ ಲೋಹದ ಬಳೆಯನ್ನು ಹಾಕುವ ಪದ್ಧತಿ ಹುಟ್ಟಿದ್ದು ಈ ಕಾರಣದಿಂದ, ಮತ್ತು ಒನಕೆಯ ತುದಿಗೆ ಕಬ್ಬಿಣದ ಬಳೆ ಹಾಕುವುದರ ಹಿಂದೆಯೂ ಇದೇ ತತ್ವವಿದೆ. ದಪ್ಪದ ವಿಚಾರದಲ್ಲಿ ಗಣಿತ ಉದಾರವಾಗಿದೆ. ದುಂಡನೆಯ ಕೋಲಿನ ಬಿಗುಪು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ 25 ಮಿ.ಮೀ. ದಪ್ಪದ ಹಿಡಿಕೆಯನ್ನು 35 ಮಿ.ಮೀ.ಗೆ ಏರಿಸಿದರೆ ಅದು ಬಾಗುವಿಕೆಗೆ ಒಡ್ಡುವ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ಮುರಿಯುವ ಮುನ್ನ ಹೊರುವ ಬಲ ಎರಡೂವರೆ ಪಟ್ಟನ್ನು ಮೀರುತ್ತದೆ.

ಯಾವ ಜಾತಿಯ ಮರ ಎಂಬ ಚರ್ಚೆಗಿಂತ ಮೊದಲು ಎಳೆಯ ದಿಕ್ಕಿನ ಮಾತನ್ನು ಮುಗಿಸಬೇಕು, ಏಕೆಂದರೆ ಉತ್ತಮ ಜಾತಿಯ ಓರೆ ಎಳೆಯ ತುಂಡಿಗಿಂತ ಸಾಧಾರಣ ಜಾತಿಯ ನೇರ ಎಳೆಯ ತುಂಡು ಗಟ್ಟಿ ಹಿಡಿಕೆಯಾಗುತ್ತದೆ. ಅಮೆರಿಕದ ಮ್ಯಾಡಿಸನ್ ನಗರದಲ್ಲಿ 1910ರಲ್ಲಿ ಸ್ಥಾಪನೆಯಾದ ಅರಣ್ಯೋತ್ಪನ್ನಗಳ ಪ್ರಯೋಗಾಲಯವು ಪ್ರಕಟಿಸಿದ ಕೋಷ್ಟಕಗಳ ಪ್ರಕಾರ, ಎಳೆಯು ತುಂಡಿನ ಉದ್ದಕ್ಕೆ ಪೂರ್ಣ ಸಮಾನಾಂತರವಾಗಿರುವ ಬದಲು 20 ಸೆಂ.ಮೀ.ಗೆ 1 ಸೆಂ.ಮೀ.ನಷ್ಟು ಓರೆಯಾಗಿದ್ದರೆ ಹಠಾತ್ ಹೊಡೆತವನ್ನು ತಾಳುವ ಶಕ್ತಿ ಶೇ. 90ಕ್ಕಿಳಿಯುತ್ತದೆ; 10ಕ್ಕೆ 1ರಷ್ಟು ಓರೆಯಾದರೆ ಶೇ. 62ಕ್ಕೂ, 5ಕ್ಕೆ 1ರಷ್ಟಾದರೆ ಶೇ. 36ಕ್ಕೂ ಕುಸಿಯುತ್ತದೆ. ಕಣ್ಣಿಗೆ ನೇರವೆಂದೇ ತೋರುವ ಹಲಗೆಯಲ್ಲಿ 10ಕ್ಕೆ 1ರಷ್ಟು ಓರೆ ಇರುವುದು ತೀರ ಸಾಮಾನ್ಯ. ಗರಗಸವು ಗೆರೆಯನ್ನು ಅನುಸರಿಸುತ್ತದೆಯೇ ಹೊರತು ಎಳೆಯನ್ನಲ್ಲ. ಕೊಡಲಿಯಿಂದ ಸೀಳಿದಾಗ ಮಾತ್ರ ಮರ ತನ್ನ ಎಳೆಯ ದಾರಿಯಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಹಳ್ಳಿಗಳಲ್ಲಿ ಕೊಡಲಿಯ ಕಾವಿಗೆ ಕೊಯ್ದ ಮರಕ್ಕಿಂತ ಸೀಳಿದ ಮರ ಮೇಲೆಂಬ ತಿಳಿವಳಿಕೆಗೆ ಈ ಅಂಕಿಗಳಿಗಿಂತ ಬೇರೆ ಸಮರ್ಥನೆ ಬೇಕಿಲ್ಲ. ಈಗಾಗಲೇ ಕೊಯ್ದ ತುಂಡಾದರೆ, ನುಣುಪಾಗಿ ಹೆರೆದ ಮೈಯ ಮೇಲೆ ತೆಳು ಶಾಯಿಯ ಒಂದು ತೊಟ್ಟನ್ನು ಇಟ್ಟು ನೋಡಬಹುದು. ಶಾಯಿಯು ಮರದ ಸೂಕ್ಷ್ಮ ನಾಳಗಳ ಗುಂಟ ಕೂದಲೆಳೆಯಂತೆ ಹರಿದು ನಿಂತಾಗ ಆ ಗೆರೆಯೇ ಎಳೆಯ ನಿಜವಾದ ದಿಕ್ಕು. ಅದು ತುಂಡಿನ ಅಂಚಿಗೆ ಎಷ್ಟು ಓರೆಯಾಗಿದೆ ಎಂಬುದನ್ನು ಅಳತೆಪಟ್ಟಿ ಇಟ್ಟು ಅಳೆಯಬಹುದು. ಗಂಟಿರುವ ತುಂಡನ್ನು ಪರೀಕ್ಷಿಸುವ ಅಗತ್ಯವೂ ಇಲ್ಲ, ಗಂಟಿನ ಸುತ್ತ ಎಳೆಗಳು ಬಳಸಿಕೊಂಡು ಹೋಗುವುದರಿಂದ ಅದು ಹಿಡಿಕೆಗೆ ಅನರ್ಹವೆಂದೇ ತಿಳಿಯಬೇಕು.

ಇನ್ನು ಮರದ ಜಾತಿಯ ಮಾತು. ಕೃಷ್ಣೆಯ ದಂಡೆಯ ಚಿಕ್ಕಪಡಸಲಗಿಯಿಂದ ಹಿಡಿದು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳವರೆಗಿನ ಎರೆಭೂಮಿ ದಟ್ಟ ಕಾಡಿನ ನಾಡಲ್ಲ. ಇಲ್ಲಿನ ಒಕ್ಕಲುತನಕ್ಕೆ ಬೇಕಾದ ಮರವೆಲ್ಲ ಬಹುಕಾಲ ಹೊಲದ ಬದು, ಹಳ್ಳದ ದಂಡೆ ಮತ್ತು ಊರ ಗಾಂವಠಾಣದ ಗಿಡಗಳಿಂದಲೇ ಒದಗುತ್ತಿತ್ತು. ರಂಟೆ, ಕುಂಟೆ, ಕೂರಿಗೆ, ಬಂಡಿಯ ಗುಂಬ, ಕೊಡಲಿಯ ಕಾವು, ಕುಡಗೋಲಿನ ಹಿಡಿ ಇವುಗಳಲ್ಲಿ ಯಾವುದಕ್ಕೆ ಯಾವ ಗಿಡ ಎಂಬ ವಿಂಗಡಣೆಯನ್ನು ಬಡಿಗರು ತಲೆಮಾರುಗಳ ಬಳಕೆಯಿಂದ ಮಾಡಿಕೊಂಡಿದ್ದರು. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಮತ್ತು ಶ್ರಮ ಕೂಡಿಸಿ ಚಿಕ್ಕಪಡಸಲಗಿಯ ಬಳಿ ಕಟ್ಟಿದ, ಶ್ರಮಬಿಂದು ಸಾಗರವೆಂದು ಹೆಸರಾದ ಬ್ಯಾರೇಜು ಮತ್ತು ಆನಂತರದ ಆಲಮಟ್ಟಿಯ ಹಿನ್ನೀರು ಈ ಭೂಮಿಯ ಬೆಳೆಯನ್ನೇ ಬದಲಿಸಿದವು. ಕಬ್ಬು ಬಂದಿತು, ಟ್ರ್ಯಾಕ್ಟರಿನೊಂದಿಗೆ ಕಬ್ಬಿಣದ ಸಲಕರಣೆಗಳು ಬಂದವು, ಮರದ ಸಲಕರಣೆಗಳು ಅಟ್ಟ ಸೇರಿದವು. ಆದರೂ ಆ ಹಳೆಯ ವಿಂಗಡಣೆ ಕಡೆತದ ಹಿಡಿಕೆಯ ವಿಷಯದಲ್ಲಿ ಇಂದಿಗೂ ಮಾರ್ಗದರ್ಶಕವಾಗಿದೆ, ಏಕೆಂದರೆ ಕೊಡಲಿಯ ಕಾವಿಗೂ ಕಡೆತದ ಉಳಿಯ ಹಿಡಿಕೆಗೂ ಬೇಕಾದ ಗುಣ ಒಂದೇ: ಬಿರುಸಿಗಿಂತ ಜಿಗುಟು ಹೆಚ್ಚಿರಬೇಕು.

ವಿಜ್ಞಾನದ ಭಾಷೆಯಲ್ಲಿ ಬಿರುಸು ಎಂದರೆ ಮೇಲ್ಮೈಯನ್ನು ಒತ್ತಿ ತಗ್ಗು ಮಾಡಲು ಯತ್ನಿಸಿದಾಗ ವಸ್ತು ಒಡ್ಡುವ ತಡೆ. ಜಿಗುಟು ಎಂದರೆ ಮುರಿಯುವ ಮುನ್ನ ವಸ್ತು ತನ್ನೊಳಗೆ ಹೀರಿಕೊಳ್ಳಬಲ್ಲ ಒಟ್ಟು ಶಕ್ತಿ. ಗಾಜು ಬಿರುಸಾದದ್ದು, ಆದರೆ ಜಿಗುಟಿನದಲ್ಲ. ಮರಗಳಲ್ಲಿಯೂ ಈ ಭೇದವಿದೆ. ಜಿಗುಟಾದ ಮರ ಮುರಿದಾಗ ಮುರಿದ ಜಾಗದಲ್ಲಿ ಉದ್ದುದ್ದ ಸಿಬಿರುಗಳು ಎದ್ದು ನಿಲ್ಲುತ್ತವೆ, ಎರಡು ತುಂಡುಗಳು ಅರೆಬರೆ ಅಂಟಿಕೊಂಡೇ ಇರುತ್ತವೆ. ಜಿಗುಟಿಲ್ಲದ ಮರ ಯಾವ ಮುನ್ಸೂಚನೆಯನ್ನೂ ಕೊಡದೆ ಪಟ್ಟನೆ ಎರಡಾಗುತ್ತದೆ ಮತ್ತು ಮುರಿದ ಮುಖ ಗಜ್ಜರಿ ಮುರಿದಂತೆ ಚಪ್ಪಟೆಯಾಗಿರುತ್ತದೆ. ಒಂದು ಬೆರಳು ದಪ್ಪದ ಒಣ ಕಡ್ಡಿಯನ್ನು ಮೊಣಕಾಲಿಗೆ ಒತ್ತಿ ಮುರಿದು ಆ ಮುಖವನ್ನು ನೋಡುವುದು ಯಾವ ಉಪಕರಣವೂ ಬೇಡದ, ಆದರೆ ಬಹಳಷ್ಟನ್ನು ಹೇಳುವ ಪರೀಕ್ಷೆ.

ಈ ಪರೀಕ್ಷೆಯಲ್ಲಿ ಮೊದಲಿಗೆ ನಿಲ್ಲುವುದು ಕರಿಜಾಲಿ. ಸಸ್ಯಶಾಸ್ತ್ರಜ್ಞರು ಬಹುಕಾಲ ಅಕೇಶಿಯ ನೈಲೋಟಿಕಾ ಎಂದು ಕರೆದು, ಈಗ ವಾಚೆಲಿಯಾ ನೈಲೋಟಿಕಾ ಎಂದು ಮರುನಾಮಕರಣ ಮಾಡಿರುವ ಈ ಮರ ಎರೆಮಣ್ಣಿಗೆ ಹೇಳಿ ಮಾಡಿಸಿದಂಥದ್ದು. ಒಣಗಿದಾಗ ಘನ ಮೀಟರಿಗೆ ಸುಮಾರು 800 ಕೆ.ಜಿ. ತೂಗುವ ಅದರ ಕೆಂಗಂದು ಕೆಚ್ಚು, ಅಂದರೆ ಕಾಂಡದ ನಡುವಿನ ಬಲಿತ ಭಾಗ, ಬಂಡಿಯ ಗುಂಬಕ್ಕೂ ರಂಟೆಗೂ ಭಾರತದ ಉದ್ದಗಲಕ್ಕೆ ಬಳಕೆಯಾಗಿರುವುದು ಅದರ ಜಿಗುಟಿನ ಕಾರಣದಿಂದಲೇ. ಪಾಶ್ಚಾತ್ಯ ಕಡೆತಗಾರರು ಉಳಿಯ ಹಿಡಿಕೆಗೆ ಮೊದಲ ಆಯ್ಕೆಯಾಗಿ ಹೇಳುವ ಆ್ಯಶ್ ಮರದ ತೂಕ ಘನ ಮೀಟರಿಗೆ 670 ಕೆ.ಜಿ. ಆಸುಪಾಸಿನದು, ಅಂದರೆ ಜಮಖಂಡಿಯ ಹೊಲದ ಬದುವಿನ ಮರ ತೂಕದಲ್ಲಿ ಅದನ್ನು ಮೀರಿಸುತ್ತದೆ. ಕರಿಜಾಲಿಯ ದೋಷವಿರುವುದು ಅದರ ಹೊರಪದರದಲ್ಲಿ. ತೊಗಟೆಗೆ ಒತ್ತಿಕೊಂಡಿರುವ ಬಿಳುಪು ಭಾಗದಲ್ಲಿ ಪಿಷ್ಟ ಸಂಗ್ರಹವಾಗಿರುವುದರಿಂದ ಮರವನ್ನು ಹಿಟ್ಟು ಮಾಡುವ ಸಣ್ಣ ದುಂಬಿಗಳು ಅಲ್ಲಿ ಮೊಟ್ಟೆಯಿಡುತ್ತವೆ, ಒಂದೆರಡು ವರ್ಷದೊಳಗೆ ಹಿಡಿಕೆಯ ಕೆಳಗೆ ಹಳದಿ ಪುಡಿ ಉದುರತೊಡಗುತ್ತದೆ. ಕಡಿದ ತುಂಡುಗಳನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಡುವ ಹಳೆಯ ರೂಢಿಯು ಈ ಪಿಷ್ಟವನ್ನು ಕರಗಿಸಿ ಕೊಳೆಸಿ ಹೊರಹಾಕುವ ಉಪಾಯ. ಬಿಳುಪು ಭಾಗವನ್ನು ಪೂರ್ತಿ ಕಡೆದು ಹಾಕಿ ಕೆಚ್ಚನ್ನಷ್ಟೇ ಉಳಿಸಿಕೊಳ್ಳುವುದು ಅದಕ್ಕಿಂತ ನಿಶ್ಚಿತವಾದ ಉಪಾಯ.

ಬಾರಿ ಗಿಡವನ್ನು ಹಣ್ಣಿಗಾಗಿ ಮಾತ್ರ ನೆನೆಯುವುದು ಅದಕ್ಕೆ ಮಾಡುವ ಅನ್ಯಾಯ. ಬೋರೆ, ಎಲಚಿ ಎಂದೂ ಹೆಸರಿರುವ ಈ ಮರದ ಎಳೆ ನವಿರಾಗಿದ್ದು, ಕಡೆದಾಗ ಮೈ ನುಣುಪಾಗಿ ಬರುತ್ತದೆ. ನೊಗ ಮತ್ತು ಸಲಕರಣೆಗಳ ಕಾವಿಗೆ ಅದರ ಬಳಕೆ ಹಳೆಯದು. ದಪ್ಪ ಕಾಂಡ ಸಿಗುವುದು ವಿರಳವಾದರೂ ಹಿಡಿಕೆಗೆ ಬೇಕಾದ್ದು 5 ಸೆಂ.ಮೀ. ದಪ್ಪದ ಸೀಳು ಮಾತ್ರ. ಹುಣಸೆಯ ಕೆಚ್ಚು ಇವೆರಡಕ್ಕಿಂತಲೂ ಭಾರ, ಘನ ಮೀಟರಿಗೆ 900 ಕೆ.ಜಿ. ಸಮೀಪಿಸುವಂಥದ್ದು, ಗಾಣಕ್ಕೂ ಕೊಡತಿಗೂ ಹೆಸರಾದದ್ದು. ಆದರೆ ಅದರ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅದನ್ನು ಸೀಳುವುದೂ ಹೆರೆಯುವುದೂ ಪ್ರಯಾಸ. ಈ ಹೆಣಿಗೆ ಒಂದು ಕಡೆ ಬಳೆಯಿಲ್ಲದೆಯೂ ಹಿಡಿಕೆ ಸೀಳದಂತೆ ಕಾಯುತ್ತದೆ, ಇನ್ನೊಂದು ಕಡೆ ಉದ್ದ ಹಿಡಿಕೆಯ ಬಾಗುವ ಬಲವನ್ನು ತಗ್ಗಿಸುತ್ತದೆ. ಆದ್ದರಿಂದ ಗಿಡ್ಡ ಹಿಡಿಕೆಗೆ ಹುಣಸೆ, ಉದ್ದ ಹಿಡಿಕೆಗೆ ಜಾಲಿ ಎಂಬ ಹಂಚಿಕೆ ಸಮಂಜಸವಾದೀತು. ಬೇವು ಇವುಗಳ ಪಂಕ್ತಿಯಲ್ಲಿ ಕೂರುವ ಮರವಲ್ಲ, ಆದರೆ ಹುಳುವಿನ ಕಾಟ ಕಡಿಮೆ ಇರುವುದರಿಂದ ಸಣ್ಣ ಉಳಿಗಳಿಗೆ ನಡೆಯುತ್ತದೆ. ನೀಲಗಿರಿಯ ಕಾಂಡ ಬೆಳೆಯುವಾಗಲೇ ಒಳಗೆ ಬಿಗಿತವನ್ನು ಕೂಡಿಸಿಕೊಂಡಿದ್ದು, ಕೊಯ್ದೊಡನೆ ಸೀಳು ಬಿಡುತ್ತದೆ. ಅದನ್ನು ಬಿಡುವುದೇ ಲೇಸು.

ಇವೆಲ್ಲಕ್ಕಿಂತ ಕುತೂಹಲಕರವಾದದ್ದು ಎಲ್ಲರೂ ಬೈಯುವ ಬಳ್ಳಾರಿ ಜಾಲಿ. ಅಮೆರಿಕ ಖಂಡದ ಮೂಲದ ಈ ಮುಳ್ಳುಗಿಡವನ್ನು ಬರಗಾಲದ ಉರುವಲಿಗೆಂದು 1877ರ ಹೊತ್ತಿಗೆ ಕಡಪ ಪ್ರದೇಶದಲ್ಲಿ ನೆಡಲಾಯಿತು. ಇಂದು ಅದು ಬಯಲುಸೀಮೆಯ ಪಾಳುಭೂಮಿ, ರಸ್ತೆಯ ಬದಿ, ಕೆರೆಯಂಗಳಗಳನ್ನೆಲ್ಲ ಆವರಿಸಿದೆ. ಇದ್ದಿಲಿನ ಭಟ್ಟಿಯನ್ನು ಬಿಟ್ಟರೆ ಅದಕ್ಕೆ ಬೇರೆ ಗೌರವದ ಸ್ಥಾನವಿಲ್ಲ. ಆದರೆ ಅದರ ಕೆಂಪು ಮಿಶ್ರಿತ ಕಂದು ಕೆಚ್ಚಿಗೆ ಮರಗಳ ಲೋಕದಲ್ಲಿ ಅಪರೂಪವಾದ ಒಂದು ಗುಣವಿದೆ: ಅದು ಒಣಗುವಾಗ ಅತ್ಯಲ್ಪವಾಗಿ ಕುಗ್ಗುತ್ತದೆ. ಹಿಡಿಕೆಯ ದೃಷ್ಟಿಯಿಂದ ಇದು ಎಷ್ಟು ದೊಡ್ಡ ಸಂಗತಿ ಎಂಬುದು ತಿಳಿಯಬೇಕಾದರೆ ಮರ ಮತ್ತು ನೀರಿನ ಸಂಬಂಧವನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ, ಕೋಶಗಳ ಪೊಳ್ಳಿನಲ್ಲಿ ಮತ್ತು ಕೋಶಭಿತ್ತಿಯ ಒಳಗೆ. ಪೊಳ್ಳಿನ ನೀರು ಆರಿಹೋದಾಗ ಮರದ ತೂಕ ಇಳಿಯುತ್ತದೆಯೇ ಹೊರತು ಗಾತ್ರ ಬದಲಾಗುವುದಿಲ್ಲ. ತೇವಾಂಶ ಶೇ. 28-30ರ ಮಟ್ಟಕ್ಕೆ ಇಳಿದ ಮೇಲೆ ಭಿತ್ತಿಯ ನೀರು ಹೊರಡಲು ತೊಡಗುತ್ತದೆ, ಆಗ ಮರ ಕುಗ್ಗುವುದಕ್ಕೂ ಗಟ್ಟಿಯಾಗುವುದಕ್ಕೂ ಒಟ್ಟಿಗೇ ಆರಂಭವಾಗುತ್ತದೆ, ಶೇ. 12ರ ತೇವಾಂಶಕ್ಕೆ ಬಂದಾಗ ಒತ್ತಡವನ್ನು ತಾಳುವ ಅದರ ಶಕ್ತಿ ಹಸಿಯಾಗಿದ್ದಾಗಿನ ಸುಮಾರು ಎರಡು ಪಟ್ಟಾಗಿರುತ್ತದೆ. ಕುಗ್ಗುವಿಕೆ ಎಲ್ಲ ದಿಕ್ಕಿಗೂ ಸಮನಲ್ಲ. ಉದ್ದಕ್ಕೆ ಅದು ನಗಣ್ಯ; ತಿರುಳಿನಿಂದ ತೊಗಟೆಯ ಕಡೆಗೆ ಒಂದು ಪಾಲಾದರೆ ವಾರ್ಷಿಕ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಹೆಚ್ಚುಕಡಿಮೆ ಎರಡು ಪಾಲು. ಇಡೀ ಕೊಂಬೆಯನ್ನು ತಿರುಳಿನ ಸಮೇತ ಹಿಡಿಕೆ ಮಾಡಿದರೆ ಅದು ಬಿರಿಯಲೇಬೇಕೆಂಬುದು ಈ ಅಸಮತೆಯಿಂದಲೇ ಸಿದ್ಧವಾಗುತ್ತದೆ: ಸುತ್ತಳತೆ ಕುಗ್ಗುವಷ್ಟು ವ್ಯಾಸ ಕುಗ್ಗದಿದ್ದಾಗ ಎಲ್ಲಿಯಾದರೂ ಒಂದು ಕಡೆ ಸೀಳು ಬಿಡದೆ ಗತಿಯಿಲ್ಲ. ಆದ್ದರಿಂದ ತಿರುಳನ್ನು ಹೊರಗಿಟ್ಟು ಕಾಂಡವನ್ನು ನಾಲ್ಕು ಹೋಳಾಗಿ ಸೀಳಿ, ತುದಿಗಳಿಗೆ ಮೇಣವನ್ನೋ ಸೆಗಣಿಯನ್ನೋ ಮೆತ್ತಿ, ನೆರಳಿನಲ್ಲಿ ಗಾಳಿಯಾಡುವಂತೆ ಒಟ್ಟಿ ಒಣಗಿಸಬೇಕು. ತುದಿಯ ಮೂಲಕ ನೀರು ಮೈಯ ಮೂಲಕ ಹೊರಡುವುದಕ್ಕಿಂತ ಎಷ್ಟೋ ಬೇಗ ಹೊರಡುವುದರಿಂದ ಈ ಲೇಪ ಅಗತ್ಯ. ಒಣಗಿದ್ದನ್ನು ಕಂಡುಕೊಳ್ಳಲು ಕಿರಾಣಿ ಅಂಗಡಿಯ ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ ಬರೆದಿಟ್ಟು, ತೂಕ ಇಳಿಯುವುದು ನಿಂತಾಗ ಮರವು ಸುತ್ತಲಿನ ಗಾಳಿಯೊಂದಿಗೆ ಸಮತೋಲಕ್ಕೆ ಬಂದಿದೆಯೆಂದು ತಿಳಿಯಬೇಕು.

ತೊಡಕಿರುವುದು ಸುತ್ತಲಿನ ಗಾಳಿಯಲ್ಲಿ. ಗಾಳಿಯ ಆರ್ದ್ರತೆ ಶೇ. 80 ಇದ್ದಾಗ ಮರ ಶೇ. 16ರಷ್ಟು ತೇವಾಂಶದಲ್ಲಿ ನೆಲೆಸುತ್ತದೆ, ಶೇ. 30 ಇದ್ದಾಗ ಶೇ. 6ಕ್ಕೆ ಇಳಿಯುತ್ತದೆ. ಬಯಲುಸೀಮೆಯ ಮಳೆಗಾಲದ ಗಾಳಿ ಮೊದಲನೆಯ ಸ್ಥಿತಿಗೆ, ಚೈತ್ರ-ವೈಶಾಖದ ಒಣಗಾಳಿ ಎರಡನೆಯ ಸ್ಥಿತಿಗೆ ಸಮೀಪದ್ದು. ಹೀಗೆ ಒಂದೇ ವರ್ಷದಲ್ಲಿ ಮರದ ತೇವಾಂಶ ಹತ್ತು ಅಂಶದಷ್ಟು ಏರಿಳಿಯಬಲ್ಲುದು. ಸಾಮಾನ್ಯ ಗಟ್ಟಿ ಮರವೊಂದು ಉಂಗುರದ ದಿಕ್ಕಿನಲ್ಲಿ ಪ್ರತಿ ಅಂಶಕ್ಕೆ ಶೇ. 0.25ರಷ್ಟು ಕುಗ್ಗುತ್ತದೆಂದು ಹಿಡಿದರೆ, ಶ್ರಾವಣದಲ್ಲಿ 25 ಮಿ.ಮೀ. ವ್ಯಾಸಕ್ಕೆ ಕಡೆದು ಬಿಗಿಯಾಗಿ ಬಳೆ ತೊಡಿಸಿದ ಹಿಡಿಕೆಯ ಮೂತಿ ಬೇಸಗೆಯಲ್ಲಿ 0.6 ಮಿ.ಮೀ. ಕಡಿಮೆಯಾಗಿರುತ್ತದೆ ಮತ್ತು ಬಳೆ ಕಳಚಿ ಬೀಳಲು ಅಷ್ಟು ಸಾಕಾಗಿ ಮಿಗುತ್ತದೆ. ಬಳ್ಳಾರಿ ಜಾಲಿಯ ಸಮೀಪದ ಬಂಧುವಾದ ಅಮೆರಿಕದ ಮೆಸ್ಕೀಟ್ ಮರ ಪೂರ್ತಿ ಹಸಿಯಿಂದ ಪೂರ್ತಿ ಒಣಗುವವರೆಗೆ ಉಂಗುರದ ದಿಕ್ಕಿನಲ್ಲಿ ಕುಗ್ಗುವುದು ಒಟ್ಟು ಶೇ. 3.2 ಮಾತ್ರ, ತಿರುಳಿನ ದಿಕ್ಕಿನಲ್ಲಿ ಶೇ. 2.2. ಅದೇ ಲೆಕ್ಕವನ್ನು ಅದಕ್ಕೆ ಅನ್ವಯಿಸಿದರೆ ಬೇಸಗೆಯ ಕುಗ್ಗುವಿಕೆ 0.3 ಮಿ.ಮೀ.ಯನ್ನೂ ಮುಟ್ಟುವುದಿಲ್ಲ, ಎರಡು ದಿಕ್ಕುಗಳ ನಡುವಿನ ಅಂತರವೂ ಕಡಿಮೆಯಾದ್ದರಿಂದ ದುಂಡನೆಯ ಮೂತಿ ಮೊಟ್ಟೆಯಾಕಾರಕ್ಕೆ ತಿರುಗುವ ಭಯವೂ ಕಡಿಮೆ. ಬಳ್ಳಾರಿ ಜಾಲಿಯ ಮರವೂ ಇದೇ ಸ್ವಭಾವದ್ದು. ವರ್ಷದ ಅರ್ಧ ಭಾಗ ಗಾಳಿ ಕಾದು ಒಣಗುವ ನಾಡಿಗೆ ಇದಕ್ಕಿಂತ ಒಪ್ಪುವ ಹಿಡಿಕೆಯ ಮರವನ್ನು ದುಡ್ಡು ಕೊಟ್ಟು ತರುವುದೂ ಕಷ್ಟ. ನೇರವಾದ ಕಾಂಡ ಸಿಗುವುದು ದುರ್ಲಭವೆಂಬುದು ನಿಜ, ಆದರೆ 40 ಸೆಂ.ಮೀ. ನೇರ ತುಂಡು ಸಿಗದಷ್ಟು ದುರ್ಲಭವಲ್ಲ. ಕಡಿಯುವಾಗ ಮಾತ್ರ ಎಚ್ಚರ ಬೇಕು. ಅದರ ಮುಳ್ಳು ಚುಚ್ಚಿದ ಗಾಯ ಊದಿಕೊಂಡು ದಿನಗಟ್ಟಲೆ ಬಾಧಿಸುತ್ತದೆ.

ಸಡಿಲವಾದ ಕಾವನ್ನು ನೀರಿನಲ್ಲಿ ನೆನೆಯಿಟ್ಟು ಬಿಗಿ ಮಾಡಿಕೊಳ್ಳುವ ರೂಢಿ ಎಲ್ಲ ಊರುಗಳಲ್ಲಿಯೂ ಇದೆ, ಮತ್ತು ಅದು ಆ ದಿನದ ಮಟ್ಟಿಗೆ ಕೆಲಸವನ್ನೂ ಮಾಡುತ್ತದೆ. ಆದರೆ ಕಬ್ಬಿಣದ ಬಳೆಯೊಳಗೆ ಉಬ್ಬಲು ಜಾಗವಿಲ್ಲದ ಮರದ ಕೋಶಗಳು ತಮ್ಮ ಮೇಲೆ ತಾವೇ ಜಜ್ಜಿಕೊಳ್ಳುತ್ತವೆ. ಮತ್ತೆ ಒಣಗಿದಾಗ ಆ ಜಜ್ಜಿದ ಕೋಶಗಳು ಹಿಂದಿನ ಗಾತ್ರಕ್ಕಿಂತಲೂ ಚಿಕ್ಕದಾಗುವುದರಿಂದ ಮೂತಿ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಬಂಡಿಯ ಗಾಲಿಗೆ ಹಳಿ ಏರಿಸುವ ವಿಧಾನವನ್ನು ಹಿಡಿಕೆಗೆ ಅನುಕರಿಸಲು ಹೊರಡುವುದೂ ಲೆಕ್ಕಕ್ಕೆ ನಿಲ್ಲುವುದಿಲ್ಲ. ಕಬ್ಬಿಣ 600 ಡಿಗ್ರಿ ಕಾದಾಗ ತನ್ನ ಅಳತೆಯ ಶೇ. 0.7ರಷ್ಟು ಹಿಗ್ಗುತ್ತದೆ, 1.2 ಮೀಟರ್ ವ್ಯಾಸದ ಗಾಲಿಯ ಹಳಿಯ ಸುತ್ತಳತೆಯಲ್ಲಿ ಅದು ಎರಡೂವರೆ ಸೆಂ.ಮೀ.ಗೂ ಮಿಕ್ಕಿದರೆ, 25 ಮಿ.ಮೀ. ಬಳೆಯ ವ್ಯಾಸದಲ್ಲಿ 0.2 ಮಿ.ಮೀ. ಕೂಡ ಆಗುವುದಿಲ್ಲ, ಅಷ್ಟರಲ್ಲಿ ಮೂತಿ ಸುಟ್ಟು ಕರಕಲಾಗಿರುತ್ತದೆ. ಬಳೆಗೆ ಬಿಗಿತ ಬರುವುದು ಮೂತಿಯನ್ನು ತುಸು ಇಳಿಜಾರಾಗಿ, ಬುಡದ ಕಡೆ ಕೂದಲಷ್ಟು ದಪ್ಪವಾಗಿ ಕಡೆದು, ಬಳೆಯನ್ನು ತಣ್ಣಗೇ ಬಡಿದು ಕೂರಿಸುವುದರಿಂದ. ಅದನ್ನು ಬೇಸಗೆಯ ಕೊನೆಯಲ್ಲಿ, ಮರ ಅತ್ಯಂತ ಒಣಗಿರುವಾಗ ಮಾಡಿದರೆ ಮುಂದಿನ ಹತ್ತು ತಿಂಗಳು ಮರ ಬಳೆಯೊಳಗೆ ಬಿಗಿಯುತ್ತದೆಯೇ ಹೊರತು ಸಡಿಲುವುದಿಲ್ಲ. ಬಳೆಗೆ ಪಂಪ್‌ಸೆಟ್ಟಿನ ಜಿ.ಐ. ಪೈಪಿನ ತುಂಡಾಗಲಿ, ಹಿತ್ತಾಳೆಯ ಕೊಳವೆಯಾಗಲಿ ಆದೀತು. ಹಿತ್ತಾಳೆ ಮೆದುವಾದ್ದರಿಂದ ಕಡೆಯುವಾಗ ಉಳಿ ತಗುಲಿದರೂ ಅಲಗು ಅಷ್ಟಾಗಿ ಹಾಳಾಗುವುದಿಲ್ಲವೆಂಬುದೊಂದು ಅನುಕೂಲ.

ಕರ್ನಾಟಕದ ಹೆಸರಾಂತ ಕಡೆತದ ಮರಗಳೆಲ್ಲ ಹಿಡಿಕೆಗೆ ತಕ್ಕವಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ದಂತದ ಬಣ್ಣದ, ನಯವಾದ ಎಳೆಯ ಮರ. ಅರಗಿನ ಬಣ್ಣ ಅದರ ಮೇಲೆ ಹೊಳೆಯುತ್ತದೆ, ಆದರೆ ಗೊಂಬೆಗೆ ಬೇಕಾದ ನಯ ಹಿಡಿಕೆಗೆ ಬೇಕಾದ ಜಿಗುಟಿಗೆ ಬದಲಿಯಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲುಗಳಿಗೆ ಸಾಗುವಾನಿ ಒಪ್ಪುತ್ತದೆ, ಏಕೆಂದರೆ ತೊಟ್ಟಿಲಿಗೆ ಬೇಕಾದದ್ದು ಬಾಗದೆ ಬಿರಿಯದೆ ತಲೆಮಾರುಗಳ ಕಾಲ ಇರುವ ಸ್ಥಿರತೆ. ಅದೇ ಸಾಗುವಾನಿಯನ್ನು ಹಿಡಿಕೆಗೆ ಬಳಸುವವರು ಅದರ ಬೆಲೆಯನ್ನು ಬಲವೆಂದು ಭ್ರಮಿಸಿರುತ್ತಾರೆ. ಘನ ಮೀಟರಿಗೆ 650 ಕೆ.ಜಿ. ತೂಕದ ಸಾಗುವಾನಿ ಕುಗ್ಗದಿರುವುದರಲ್ಲಿ ಮೇಲಾದರೂ ಹಠಾತ್ ಹೊಡೆತಕ್ಕೆ ಜಾಲಿಯಷ್ಟು ತಾಳುವುದಿಲ್ಲ, ಬಾಲದ ಮೀಟಿಗೆ ಬೇಗ ಸೀಳುತ್ತದೆ. ಪಶ್ಚಿಮದ ಕಾಡುಗಳಲ್ಲಿ ಸಿಗುವ ದಿಂಡಿಗ ಮತ್ತು ತಡಸಲು ಮಾತ್ರ ನಿಜಕ್ಕೂ ಹಿಡಿಕೆಯ ಮರಗಳು. ತಡಸಲಿನ ಸ್ಥಿತಿಸ್ಥಾಪಕತೆ, ಅಂದರೆ ಬಾಗಿ ಮತ್ತೆ ನೆಟ್ಟಗಾಗುವ ಗುಣ, ಆ್ಯಶ್ ಮರಕ್ಕೆ ಸಾಟಿಯೆಂದು ಹೆಸರಾಗಿದೆ. 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾಗಿ 1988ರಲ್ಲಿ ಈಗಿನ ರೂಪ ಪಡೆದ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂಥ ಕೇಂದ್ರಗಳು ದೇಶದ ಮರಗಳ ಇಂಥ ಗುಣಗಳನ್ನು ಪರೀಕ್ಷಿಸುತ್ತ ಬಂದಿವೆ, ಮತ್ತು ಮರದ ಹಿಡಿಕೆಗಳಿಗೆಂದೇ 620ನೆಯ ಸಂಖ್ಯೆಯ ಭಾರತೀಯ ಮಾನಕವೊಂದೂ ಇದೆ.

ರಬಕವಿ-ಬನಹಟ್ಟಿಯ ಮಗ್ಗಗಳ ಲಾಳಿಯೂ ಇದೇ ಸಮಸ್ಯೆಯ ಇನ್ನೊಂದು ಮುಖ. ಎರಡು ತುದಿಗೂ ಲೋಹದ ಮೊನೆ ಹೊತ್ತ ಈ ಮರದ ದೋಣಿ ನಿಮಿಷಕ್ಕೆ ಎಷ್ಟೋ ಸಲ ಅತ್ತಿಂದಿತ್ತ ಬಡಿಸಿಕೊಳ್ಳುತ್ತದೆ. ಸಿಬಿರೆದ್ದರೆ ನೂಲು ಹರಿಯುತ್ತದೆ, ಕುಗ್ಗಿದರೆ ಮೊನೆ ಕಳಚುತ್ತದೆ. ಬಿಸಿಯಲ್ಲಿ ಒತ್ತಿ ರಾಳ ತುಂಬಿಸಿ ದಟ್ಟಗೊಳಿಸಿದ ಮರವನ್ನು ಲಾಳಿಗೆ ಬಳಸುವ ತಂತ್ರ ಈ ಕಾರಣದಿಂದ ಬಂದದ್ದು. ಮನೆಯಲ್ಲಿ ಹಿಡಿಕೆ ಮಾಡುವವರಿಗೆ ಅಷ್ಟು ದೂರ ಹೋಗಬೇಕಾಗಿಲ್ಲವಾದರೂ ತೂತಿನೊಳಗೆ ಎಪಾಕ್ಸಿ ಅಂಟನ್ನು ತುಂಬಿ ಬಾಲವನ್ನು ಕೂರಿಸುವುದರಿಂದ ಸುತ್ತಲಿನ ಎಳೆಗಳಿಗೆ ರಾಳ ಇಳಿದು ಅದೇ ಬಗೆಯ ಲಾಭ ಸಣ್ಣ ಪ್ರಮಾಣದಲ್ಲಿ ದೊರಕುತ್ತದೆ.

ಮರವನ್ನೇ ಬಿಟ್ಟು ಜಿ.ಐ. ಪೈಪನ್ನು ಹಿಡಿಕೆ ಮಾಡುವುದುಂಟು. ಅದು ಮುರಿಯುವ ಮಾತೇ ಇಲ್ಲ, ಆದರೆ 40 ಸೆಂ.ಮೀ. ಉದ್ದದ ಒಂದು ಇಂಚಿನ ಪೈಪು ಒಂದು ಕೆ.ಜಿ. ಸಮೀಪ ತೂಗುತ್ತದೆ, 35 ಮಿ.ಮೀ. ದಪ್ಪದ, ಅಷ್ಟೇ ಉದ್ದದ ಜಾಲಿಯ ಹಿಡಿಕೆ ಸುಮಾರು 300 ಗ್ರಾಂ, ಸಾಗುವಾನಿಯದು 250 ಗ್ರಾಂ, ಹುಣಸೆಯದು 350 ಗ್ರಾಂ. ಭಾರವಾದ ಹಿಡಿಕೆ ನಡುಕವನ್ನು ತಗ್ಗಿಸುತ್ತದೆಂಬುದು ನಿಜವಾದರೂ ಉಕ್ಕಿಗೆ ತನ್ನೊಳಗೆ ಕಂಪನವನ್ನು ಕರಗಿಸಿಕೊಳ್ಳುವ ಶಕ್ತಿ ಮರಕ್ಕಿಂತ ಹತ್ತಾರು ಪಟ್ಟು ಕಡಿಮೆ. ಪೈಪಿನೊಳಗೆ ಒಣ ಮರಳು ತುಂಬಿಸಿದರೆ ಕಾಳುಗಳ ತಿಕ್ಕಾಟ ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸುತ್ತದೆ. ಆಳದ ಪಾತ್ರೆ ತೋಡುವ ಉದ್ದ ಉಳಿಗಳಿಗೆ ಇದು ಒಪ್ಪುವ ಉಪಾಯ. ಆದರೆ ಉಕ್ಕು ಶಾಖವನ್ನು ಮರಕ್ಕಿಂತ ಇನ್ನೂರು ಮುನ್ನೂರು ಪಟ್ಟು ವೇಗವಾಗಿ ದಾಟಿಸುವುದರಿಂದ, ತಗಡಿನ ಶೆಡ್ಡಿನೊಳಗೆ ಬಾಗಲಕೋಟೆ ಜಿಲ್ಲೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಅಂಥ ಹಿಡಿಕೆಯನ್ನು ಬಟ್ಟೆ ಸುತ್ತದೆ ಹಿಡಿಯುವಂತಿಲ್ಲ. ಬಿದಿರು ಹಗುರ ಮತ್ತು ಬಲಿಷ್ಠವಾದರೂ ಅದರ ಎಳೆಗಳೆಲ್ಲ ಉದ್ದಕ್ಕೇ ಇರುವುದರಿಂದ ಬಾಲದ ಮೀಟಿಗೆ ಮೊದಲು ಸೀಳುವುದು ಅದೇ. ಒಳಪೊಳ್ಳಿಲ್ಲದ ಗಟ್ಟಿ ಬಿದಿರಿಗೆ ಎರಡು ಬಳೆ ಹಾಕಿದರೆ ಸಣ್ಣ ಉಳಿಗೆ ನಡೆದೀತು.

ಕಡೆದ ಹಿಡಿಕೆಗೆ ಕೊನೆಯ ಲೇಪ ಯಾವುದೆಂಬುದೂ ವಸ್ತುವಿನ ಆಯ್ಕೆಯ ಭಾಗವೇ. ಲೇತಿನ ಮೇಲೆ ತಿರುಗುವಾಗಲೇ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಬಿಸಿಗೆ ಅದು ಕರಗಿ ಹರಡುವಂತೆ ಮಾಡುವ ಚನ್ನಪಟ್ಟಣದ ವಿಧಾನ ನೋಡಲು ಚೆಂದ, ಆದರೆ ಬೆವರಿದ ಕೈಯಲ್ಲಿ ಅಂಥ ಮೈ ಜಾರುತ್ತದೆ. ಎಣ್ಣೆಯ ಲೇಪ ಮರದೊಳಕ್ಕೆ ಇಳಿದು ಮೇಲ್ಮೈಯ ಹಿಡಿತವನ್ನು ಉಳಿಸುತ್ತದೆ. ಇಲ್ಲಿ ಎಣ್ಣೆಗಳೆಲ್ಲ ಒಂದೇ ಅಲ್ಲ. ಎಣ್ಣೆಯ ಅಣುಗಳಲ್ಲಿ ಇಂಗಾಲದ ದ್ವಿಬಂಧಗಳು ಎಷ್ಟಿವೆ ಎಂಬುದನ್ನು ಅಯೋಡಿನ್ ಮೌಲ್ಯವೆಂಬ ಅಳತೆ ಸೂಚಿಸುತ್ತದೆ. ಗಾಳಿಯ ಆಮ್ಲಜನಕ ಈ ದ್ವಿಬಂಧಗಳ ಬಳಿ ಅಣುಗಳನ್ನು ಒಂದಕ್ಕೊಂದು ಹೊಲಿದು ಗಟ್ಟಿ ಪೊರೆಯಾಗಿಸುತ್ತದೆ. ಅಗಸಿ ಎಣ್ಣೆಯ ಮೌಲ್ಯ 170ಕ್ಕೂ ಹೆಚ್ಚು, ಕುಸುಬಿ ಎಣ್ಣೆಯದು 140ರ ಸಮೀಪ, ಶೇಂಗಾ ಎಣ್ಣೆಯದು 90ರ ಆಸುಪಾಸು, ಕೊಬ್ಬರಿ ಎಣ್ಣೆಯದು ಕೇವಲ 10ರಷ್ಟು. ಹೀಗಾಗಿ ಅಗಸಿ ಎಣ್ಣೆ ಕೆಲವು ದಿನಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ, ಕುಸುಬಿ ಎಣ್ಣೆ ನಿಧಾನವಾಗಿ ಅದೇ ದಾರಿ ಹಿಡಿಯುತ್ತದೆ, ಶೇಂಗಾ ಮತ್ತು ಕೊಬ್ಬರಿ ಎಣ್ಣೆಗಳು ಎಷ್ಟು ಕಾಲವಾದರೂ ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತವೆ. ಅಗಸಿ, ಕುಸುಬಿಗಳೆರಡೂ ಇದೇ ಎರೆಭೂಮಿಯ ಹಿಂಗಾರಿ ಬೆಳೆಗಳಾದ್ದರಿಂದ ಗಾಣದ ಎಣ್ಣೆ ಸಿಗುವುದು ಕಷ್ಟವಲ್ಲ. ತೆಳುವಾಗಿ ಹಚ್ಚಿ, ಕಾಲು ಗಂಟೆಯ ಬಳಿಕ ಮೈಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ಹಚ್ಚಿದರೆ ಸಾಕು. ಒರೆಸಿದ ಅರಿವೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸಿ ಎಣ್ಣೆ ಆಮ್ಲಜನಕದೊಂದಿಗೆ ಕೂಡುವಾಗ ಹುಟ್ಟುವ ಶಾಖ ಮಡಿಕೆಗಳ ನಡುವೆ ಸಿಕ್ಕಿಬಿದ್ದು ಅರಿವೆ ತಾನೇ ಹೊತ್ತಿಕೊಳ್ಳುತ್ತದೆ, ಕಡೆತದ ಹೊಟ್ಟು ಬಿದ್ದಿರುವ ಕೋಣೆಯಲ್ಲಿ ಅದರಿಂದಾಗುವ ಅನಾಹುತ ಸಣ್ಣದಲ್ಲ. ಅರಿವೆಯನ್ನು ಹೊರಗೆ ಬಯಲಿನಲ್ಲಿ ಒಂದೇ ಪದರವಾಗಿ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಬೇಕು.